62ಕ್ಕೆ ಚೌಕ ಹಿಡಿದ ಆಲ್ಬರ್ಸ್: ಚಿತ್ರ ಬರೆಯಲು ಇಷ್ಟೊಂದು ನಿಯಮ ಬೇಕಾ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸದಿಂದ ನಿವೃತ್ತಿ ಆದ ಮೇಲೆ ಕೊಡಗಿನ ಶಾಂತಳ್ಳಿ ಕಡೆಯ ತೋಟದ ಮನೆಯಲ್ಲಿ ಪೇಂಟಿಂಗ್ ಹಚ್ಚಿಕೊಂಡಿದ್ದೇನೆ. ಬೆಟ್ಟ, ಮರ, ಮನುಷ್ಯರು ಏನೂ ಇಲ್ಲ, ಬರೀ ಬಣ್ಣ. ತೊಂದರೆ ಏನೆಂದರೆ ಯಾವ ಚಿತ್ರವೂ ಮುಗಿಯುವುದಿಲ್ಲ. ಈ ಮೂಲೆ ಸರಿ ಮಾಡಿದರೆ ಆ ಮೂಲೆ ಕೆಡುತ್ತದೆ. ಅದನ್ನು ಸರಿ ಮಾಡಲು ಇನ್ನಷ್ಟು ಬಣ್ಣ. ಕೊನೆಗೆ ಎಲ್ಲ ಸೇರಿ ಕೆಸರು.

ಈ ಮಳೆಗಾಲದಲ್ಲಿ ಯೋಸೆಫ್ ಆಲ್ಬರ್ಸ್ ಎಂಬ ಜರ್ಮನ್ ಚಿತ್ರಕಾರನ ಬಗ್ಗೆ ಓದಿದೆ. 1950ರಲ್ಲಿ, 62ನೇ ವಯಸ್ಸಿನಲ್ಲಿ, ‘ಹೋಮೇಜ್ ಟು ದಿ ಸ್ಕ್ವೇರ್’ ಎಂಬ ಸರಣಿ ಶುರು ಮಾಡಿದ. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು ಚೌಕ. 1976ರಲ್ಲಿ ತೀರಿಕೊಳ್ಳುವ ತನಕ ಅದನ್ನೇ ಮಾಡಿದ. ಸಾವಿರಕ್ಕೂ ಮಿಕ್ಕಿ ಚಿತ್ರ! ಚೌಕ ಎಲ್ಲಿ ಕೂರಬೇಕು ಎನ್ನುವುದಕ್ಕೆ ನಾಲ್ಕೇ ನಾಲ್ಕು ನಕ್ಷೆ. ಬ್ರಷ್ ಇಲ್ಲ, ಬಣ್ಣ ಕಲಸುವ ಚಪ್ಪಟೆ ಚಾಕು, ಅಂದರೆ ಪ್ಯಾಲೆಟ್ ನೈಫ್ ಮಾತ್ರ. ಬಣ್ಣ ಸಾಮಾನ್ಯವಾಗಿ ಟ್ಯೂಬಿನಿಂದ ನೇರ ಬೋರ್ಡಿಗೆ.

ನಾನೂ ಹೀಗೆ ನಿಯಮ ಹಾಕಿಕೊಂಡರೆ ಹೇಗೆ ಅನ್ನಿಸಿದೆ. ಮಡಿಕೇರಿಯಲ್ಲಿ ಚಿತ್ರ ಬರೆಯುವ ನಾವು ಕೆಲವರು ಆಗಾಗ ಸೇರುತ್ತೇವೆ. ಅಲ್ಲಿ ಈ ವಿಷಯ ತೆಗೆದಿದ್ದಕ್ಕೆ “ಬ್ಯಾಂಕಿನ ಲೆಡ್ಜರ್ ಬಿಟ್ಟು ಬಂದು ಇಲ್ಲೂ ಲೆಡ್ಜರ್ ಬರೆಯುತ್ತೀರಾ” ಎಂದು ನಕ್ಕರು. ನೀವೇನು ಹೇಳುತ್ತೀರಿ?

ರೋಬಸ್ಟಾ
ಸಾವಿರ ಸಲ ಒಂದೇ ಚೌಕ ಅಂದರೆ ಜೆರಾಕ್ಸ್ ಅಂಗಡಿ ಇಡಬಹುದಿತ್ತು ಅಲ್ವಾ ಮಾರಾಯ್ರೇ.

ಗೋಣಿಕೊಪ್ಪ_ಅಕ್ಕ
ಜೆರಾಕ್ಸ್ ಅಂದವರು ಎರಡು ಚಿತ್ರ ಪಕ್ಕ ಪಕ್ಕ ಇಟ್ಟು ನೋಡಿದ್ದೀರಾ? ಒಂದರಲ್ಲಿ ನಡುವಿನ ಚೌಕ ಮುಂದೆ ಬಂದು ನಿಂತ ಹಾಗಿರುತ್ತದೆ. ಇನ್ನೊಂದರಲ್ಲಿ ಅದೇ ಚೌಕ ಗೋಡೆಯೊಳಗೆ ಇಳಿದು ಹೋಗುತ್ತದೆ. ಅಳತೆ ಬದಲಾಗಿಲ್ಲ, ಬಣ್ಣ ಬದಲಾಗಿದೆ ಅಷ್ಟೆ. ನೋಡದೆ ನಗುವುದು ಸುಲಭ.

ರೋಬಸ್ಟಾ
ಫೋನಿನಲ್ಲಿ ನೋಡಿದೆ ಅಕ್ಕ. ಚೌಕ ಅಲ್ಲೇ ಕೂತಿತ್ತು, ಎಲ್ಲಿಗೂ ಹೋಗಲಿಲ್ಲ.

ಡ್ರಾಯಿಂಗ್_ಮಾಸ್ಟ್ರು
ತೋಟದಮನೆಯವರೇ, ನಿಮ್ಮ ಪ್ರಶ್ನೆಯಲ್ಲಿ ಒಂದು ಅಪಾಯ ಇದೆ. ಆಲ್ಬರ್ಸ್ 62ಕ್ಕೆ ಒಂದು ದಿನ ಎದ್ದು ನಿಯಮ ಹಾಕಿಕೊಂಡರು ಎಂಬ ಹಾಗೆ ಓದಿಕೊಂಡಿದ್ದೀರಿ. ಹಾಗಲ್ಲ. ಹಿಂದಿನ ಕಥೆ ನೋಡಿ.

1888ರಲ್ಲಿ ಜರ್ಮನಿಯ ಬೊಟ್ರೋಪ್ ಎಂಬ ಗಣಿ ಊರಿನಲ್ಲಿ ಹುಟ್ಟಿದವರು. ಮೊದಲು ಪ್ರೈಮರಿ ಶಾಲೆ ಮೇಷ್ಟ್ರು. 1920ರಲ್ಲಿ, 32 ವರ್ಷ ಆದ ಮೇಲೆ, ವೈಮಾರ್‌ನಲ್ಲಿ ಕಲೆ, ವಿನ್ಯಾಸ ಕಲಿಸುತ್ತಿದ್ದ ಬೌಹೌಸ್ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ, ಊರಿನ ಕಸದ ಗುಂಡಿಯಿಂದ ಒಡೆದ ಬಾಟಲಿ ಚೂರು ಆರಿಸಿ ತಂದು ಗಾಜಿನ ಚಿತ್ರ ಮಾಡಿದರು. ಆಮೇಲೆ ಅಲ್ಲೇ ಮೇಷ್ಟ್ರಾದರು. 1933ರಲ್ಲಿ ನಾಜಿಗಳ ಕಾಟಕ್ಕೆ ಶಾಲೆ ಮುಚ್ಚಿತು. ಅದೇ ವರ್ಷ ಹೆಂಡತಿ ಆನಿ ಜೊತೆ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಹೋದರು. ಆನಿ ದೊಡ್ಡ ನೇಕಾರ್ತಿ, ಅವರದೇ ಬೇರೆ ಚರ್ಚೆ ಮಾಡಬಹುದು. ಇಂಗ್ಲಿಷ್ ಸರಿಯಾಗಿ ಬಾರದೆ ಪಾಠ ಶುರು ಮಾಡಿದವರು 1949ರ ತನಕ ಅಲ್ಲಿದ್ದರು. 1950ರಲ್ಲಿ ಯೇಲ್ ವಿಶ್ವವಿದ್ಯಾಲಯ.

ನಡುವೆ ಮೆಕ್ಸಿಕೋಗೆ ಹತ್ತಕ್ಕೂ ಹೆಚ್ಚು ಸಲ ಹೋಗಿದ್ದರು. ಅಲ್ಲಿನ ಮಣ್ಣಿನ ಮನೆಗಳ ಮುಂಭಾಗ, ಎರಡು ಬಾಗಿಲು, ಸುತ್ತ ಬಣ್ಣದ ಗೋಡೆ. 1947ರಿಂದ ಅದನ್ನಿಟ್ಟುಕೊಂಡು ಒಂದು ಸರಣಿ ಮಾಡಿದರು. ಒಂದೇ ನಕ್ಷೆ, ಬೇರೆ ಬೇರೆ ಬಣ್ಣ. ಚೌಕಕ್ಕೆ ಅದೇ ತಾಲೀಮು. ಅಂದರೆ ಮೂವತ್ತು ವರ್ಷ ನೋಡಿ, ಕಲಿಸಿ, ಬೇಡದ್ದನ್ನೆಲ್ಲ ಒಂದೊಂದೇ ಬಿಟ್ಟು, ಉಳಿದದ್ದು ಆ ನಾಲ್ಕು ನಕ್ಷೆ. ನೀವು ಅವರ ಕೊನೆಯಿಂದ ಶುರು ಮಾಡಲು ಹೊರಟಿದ್ದೀರಿ.

ಮೈಸೂರಲ್ಲಿದ್ದೇನೆ
ಮಾಸ್ಟ್ರೇ, ಕೊನೆಯಿಂದ ಶುರು ಮಾಡಿದರೆ ತಪ್ಪೇನು? ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಓದುವಾಗ ನಮಗೂ ಇದೇ ಮಾತು. ಮೊದಲು ಹತ್ತು ವರ್ಷ ಆಕೃತಿ ಬರಿ, ಆಮೇಲೆ ಅಮೂರ್ತ ಅಂತ. ಆ ಹತ್ತು ವರ್ಷದಲ್ಲಿ ಅರ್ಧ ಜನ ಚಿತ್ರವನ್ನೇ ಬಿಟ್ಟರು. ಇವರಿಗೆ ಈಗಲೇ ಅರವತ್ತು ದಾಟಿದೆ.

ಆಲ್ಬರ್ಸ್ ಸ್ವತಃ ಶಿಷ್ಯರಿಗೆ ಪೇಂಟ್ ಕೊಡುತ್ತಿರಲಿಲ್ಲ, ಬಣ್ಣದ ಕಾಗದ ಕೊಡುತ್ತಿದ್ದರು. ಒಂದೇ ಬಣ್ಣವನ್ನು ಎರಡು ಬಣ್ಣದ ಹಾಗೆ ಕಾಣಿಸು, ಎರಡು ಬೇರೆ ಬಣ್ಣವನ್ನು ಒಂದೇ ಹಾಗೆ ಕಾಣಿಸು, ಇಂಥ ಲೆಕ್ಕಗಳು. ಒಣಗಿದ ಎಲೆಗಳನ್ನೂ ಬಳಸುತ್ತಿದ್ದರು. 1963ರಲ್ಲಿ ಆ ಪಾಠಗಳೇ ದೊಡ್ಡ ಪುಸ್ತಕವಾಗಿ ಬಂದವು. ಅಲ್ಲಿಂದ ಶುರು ಮಾಡಿ ಸರ್. ಕತ್ತರಿ, ಅಂಟು, ಹಳೆ ಕ್ಯಾಲೆಂಡರ್ ಸಾಕು. ಟ್ಯೂಬಿಗೆ ದುಡ್ಡು ಸುರಿಯಬೇಡಿ.

ಪೇಂಟ್_ಕಂಟ್ರಾಕ್ಟರ್
ನಾನು ಗೋಡೆ ಪೇಂಟಿಂಗಿನವನು, ನಿಮ್ಮ ಕಲೆ ವಿಷಯ ಗೊತ್ತಿಲ್ಲ. ಆದರೆ ಈ ಮನುಷ್ಯನ ಅಪ್ಪನೂ ಮನೆಗೆ ಪೇಂಟ್ ಹೊಡೆಯುವ ಕೆಲಸದವರೇ ಅಂತ ಮಗಳು ಓದಿ ಹೇಳಿದಳು. ಬಾಗಿಲಿಗೆ ಬಣ್ಣ ಹೊಡೆಯುವಾಗ ನಡುವಿನಿಂದ ಶುರು ಮಾಡಿ ಅಂಚಿಗೆ ಬಾ, ಆಗ ಸೋರಿದ್ದು ಕೈಗೆ ಸಿಗುತ್ತದೆ, ಅಂಗಿ ತೋಳಿಗೂ ಮೆತ್ತುವುದಿಲ್ಲ ಎಂದು ಅಪ್ಪ ಕಲಿಸಿದ್ದರಂತೆ. ಚೌಕಗಳನ್ನೂ ಹಾಗೇ ಮಾಡಿದರಂತೆ, ನಡುವಿನ ಚೌಕ ಮೊದಲು, ಆಮೇಲೆ ಹೊರಗೆ. ನಾವು ಇವತ್ತಿಗೂ ಬಾಗಿಲಿನ ಒಳಗಿನ ಪ್ಯಾನಲ್ ಮುಗಿಸಿಯೇ ಸುತ್ತಿನ ಪಟ್ಟಿಗೆ ಬರುವುದು. ಇದರಲ್ಲಿ ನಗುವಂಥದ್ದು ಏನಿದೆ? ಕೆಲಸಕ್ಕೆ ಕ್ರಮ ಇರಲೇಬೇಕು.

ಡ್ರಾಯಿಂಗ್_ಮಾಸ್ಟ್ರು
ಈ ಕಥೆ ಸರಿಯಾಗಿದೆ. ಮಗಳಿಗೆ ಭೇಷ್ ಅಂತ ಹೇಳಿ.

ಇಂಚು_ಸೆಂಟು
ಶಾಂತಳ್ಳಿಯಲ್ಲಿ ಮಳೆ ಹೇಗಿದೆ? ನಮ್ಮಲ್ಲಿ ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆಗೆ 3 ಇಂಚು 40 ಸೆಂಟು.

ತೋಟದಮನೆ
ಇಲ್ಲಿ 5 ಇಂಚು ದಾಟಿತು. ಕರೆಂಟ್ ಇಲ್ಲ. ಫೋನ್ ಚಾರ್ಜ್ ಇದ್ದಷ್ಟು ಹೊತ್ತು ಉತ್ತರ ಕೊಡುತ್ತೇನೆ.

ಸುಮ್ನೆ_ಓದುವವ
ಆ ಮಳೆಯಲ್ಲಿ ಆಯಿಲ್ ಪೇಂಟ್ ಒಣಗುತ್ತಾ ಮೊದಲು ಹೇಳಿ. ನಿಯಮ ಆಮೇಲೆ.

ಮೈಸೂರಲ್ಲಿದ್ದೇನೆ
ಆಯಿಲ್ ಪೇಂಟ್ ಬಟ್ಟೆ ಒಣಗಿದ ಹಾಗೆ ನೀರು ಆರಿ ಒಣಗುವುದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತದೆ. ಚಳಿ, ಥಂಡಿ, ಕತ್ತಲೆ ಮೂರೂ ಸೇರಿದರೆ ನಿಧಾನ. ಅಂಬರ್ ಎಂಬ ಕಂದು ಬಣ್ಣ ಬೇಗ ಒಣಗುತ್ತದೆ, ಕ್ಯಾಡ್ಮಿಯಂ ಬಣ್ಣಗಳು, ಟೈಟಾನಿಯಂ ಬಿಳಿ ನಿಧಾನ. ಅಕ್ರಿಲಿಕ್ ಆದರೆ ನೀರು ಆರಬೇಕು, ಹಾಗಾಗಿ ಜುಲೈ ತಿಂಗಳಲ್ಲಿ ಅದೂ ಕೊಡಗಿನಲ್ಲಿ ಸೋಮಾರಿ. ಆದರೂ ಆಯಿಲ್‌ಗಿಂತ ಎಷ್ಟೋ ವಾಸಿ.

ಇಲ್ಲಿ ಆಲ್ಬರ್ಸ್ ಕ್ರಮ ಕೆಲಸಕ್ಕೆ ಬರುತ್ತದೆ ನೋಡಿ. ಅವರು ಬಣ್ಣದ ಮೇಲೆ ಬಣ್ಣ ಬಳಿಯುತ್ತಿರಲಿಲ್ಲ, ಪಕ್ಕ ಪಕ್ಕ ಇಡುತ್ತಿದ್ದರು. ತೋಟದಮನೆ ಸರ್ ಅವರ ‘ಕೆಸರು’ ಬರುವುದೇ ಒಣಗದ ಬಣ್ಣದ ಮೇಲೆ ಮತ್ತೆ ಮತ್ತೆ ಬಳಿಯುವುದರಿಂದ ಅಂತ ನನ್ನ ಅನುಮಾನ.

ತೋಟದಮನೆ
ಅನುಮಾನ ಅಲ್ಲ, ನಿಜ. ಒಣಗುವ ತನಕ ಕಾಯುವ ತಾಳ್ಮೆ ನನಗಿಲ್ಲ. ಒಲೆ ಮೇಲಿನ ಅಟ್ಟದಲ್ಲಿ ಇಟ್ಟೆ, ಹೊಗೆ ಹಿಡಿದು ಬಿಳಿ ಎಲ್ಲ ಹಳದಿ ಆಯಿತು. ಮನೆಯವರು ಅದನ್ನೇ ಚೆನ್ನಾಗಿದೆ ಅಂದರು.

ರೋಬಸ್ಟಾ
ಹ್ಹಹ್ಹ, ಹೊಗೆಯೇ ದೊಡ್ಡ ಕಲಾವಿದ.

ಹಾರಂಗಿ_ದಂಡೆ
ನನ್ನದು ಖಡಕ್ ವಿರೋಧ. ನಿಯಮ ಹಾಕಿಕೊಂಡವನಿಗೆ ಧೈರ್ಯ ಇಲ್ಲ ಅಂತ ಅರ್ಥ. ನಮ್ಮ ದೇಶದ ಚಿತ್ರಕಾರ ವಿ.ಎಸ್. ಗಾಯ್ತೊಂಡೆ ಅವರನ್ನು ನೋಡಿ. ರೋಲರ್, ನೈಫ್ ಹಿಡಿದು ಬಣ್ಣ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಎಷ್ಟೋ ಹೊತ್ತು ಸುಮ್ಮನೆ ಕೂತು ನೋಡುವುದು. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ. ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ 2014ರಲ್ಲಿ ಅವರ ದೊಡ್ಡ ಪ್ರದರ್ಶನ ಮಾಡಿತು. ಸಾವಿರ ಚೌಕ ಬೇಕಾಗಲಿಲ್ಲ.

ಗೋಣಿಕೊಪ್ಪ_ಅಕ್ಕ
ಕೂತು ನೋಡುವುದು, ಹಾಕುವುದು, ತೆಗೆಯುವುದು, ಅದೂ ಒಂದು ಕ್ರಮವೇ ಅಲ್ವಾ? ಪ್ರತಿ ದಿನ ಅದನ್ನೇ ಮಾಡಿದರು ತಾನೇ? ಸ್ಕೇಲ್ ಇಲ್ಲದಿದ್ದರೆ ನಿಯಮ ಇಲ್ಲ ಅಂತ ಯಾರು ಹೇಳಿದ್ದು?

ಸ್ಕೇಲೇ ಬೇಕೆಂದರೆ ಕಲಾವಿದೆ ನಸ್ರೀನ್ ಮೊಹಮದಿ ಇದ್ದಾರೆ. 1972ರಿಂದ ಹಲವು ವರ್ಷ ಬರೋಡದಲ್ಲಿ ಪಾಠ ಮಾಡಿದವರು, 1990ರಲ್ಲಿ ತೀರಿಕೊಂಡರು. ಕಾಗದ, ಪೆನ್ಸಿಲ್, ಶಾಯಿ, ಎಂಜಿನಿಯರ್‌ಗಳು ನಕ್ಷೆ ಬರೆಯುವ ಉಪಕರಣ. ಬಣ್ಣವೇ ಇಲ್ಲ, ಗೆರೆ ಮಾತ್ರ. ಕೈ ಹತೋಟಿ ತಪ್ಪುವ ಕಾಯಿಲೆ ಇದ್ದಾಗಲೂ ಆ ಗೆರೆಗಳನ್ನು ಎಳೆದರು. ಅವರಿಗೆ ಧೈರ್ಯ ಇರಲಿಲ್ಲ ಅನ್ನುತ್ತೀರಾ?

ಹಾರಂಗಿ_ದಂಡೆ
ನಸ್ರೀನ್ ಬಗ್ಗೆ ನಾನು ಮಾತಾಡಿಲ್ಲ. ಅವರ ಗೆರೆಗಳಲ್ಲಿ ಎರಡು ಹಾಳೆ ಒಂದೇ ತರ ಇರುವುದಿಲ್ಲ. ಆಲ್ಬರ್ಸ್ ನಾಲ್ಕು ನಕ್ಷೆಗೆ ಕಟ್ಟಿ ಹಾಕಿಕೊಂಡದ್ದು ನನಗೆ ಹಿಡಿಸುವುದಿಲ್ಲ. ಅಷ್ಟೆ.

ಸುಮ್ನೆ_ಓದುವವ
ಚಿತ್ರಕಾರ ಎಸ್.ಎಚ್. ರಜಾ ಅವರ ಬಿಂದು?

ಡ್ರಾಯಿಂಗ್_ಮಾಸ್ಟ್ರು
ಅದು ಬೇರೆ ದಾರಿ. ರಜಾ ಅವರಿಗೆ ಬಿಂದು ಎಂದರೆ ಅರ್ಥ ಇತ್ತು, ಬೀಜ, ಶಕ್ತಿ ಹೀಗೆ. ಆಲ್ಬರ್ಸ್ ಚೌಕಕ್ಕೆ ಅಂಥ ಅರ್ಥ ಕೊಡಲಿಲ್ಲ. ಬಣ್ಣ ಬಡಿಸಲು ಒಂದು ತಟ್ಟೆ ಬೇಕಿತ್ತು, ಅದು ಚೌಕ ಆಯಿತು. ತಟ್ಟೆ ಪ್ರತಿ ಸಲ ಬದಲಾದರೆ ಊಟದ ರುಚಿ ತಟ್ಟೆಯಿಂದ ಬಂತೋ ಅಡುಗೆಯಿಂದ ಬಂತೋ ಗೊತ್ತಾಗುವುದಿಲ್ಲ. ಉಳಿದದ್ದೆಲ್ಲ ಅಲುಗಾಡದ ಹಾಗೆ ಹಿಡಿದು ಬಣ್ಣ ಒಂದನ್ನೇ ಬಿಟ್ಟರು. ಹಾರಂಗಿಯವರು ‘ಕಟ್ಟಿ ಹಾಕಿಕೊಂಡದ್ದು’ ಅಂದದ್ದು ಇದನ್ನೇ. ನನಗೆ ಅಲ್ಲೇ ಅವರ ಬುದ್ಧಿ ಕಾಣುತ್ತದೆ.

ಬಾಣೆಮನೆ
ಇಷ್ಟು ದೂರ ಯಾಕೆ ಹೋಗುತ್ತೀರಿ, ನಮ್ಮ ಕೊಡವರ ಮದುವೆ ಮನೆಯಲ್ಲೇ ನೋಡಬಹುದು. ಮದುಮಗನಿಗೆ ಬಿಳಿ ಕುಪ್ಯ (ನಿಲುವಂಗಿ), ಉಳಿದ ಗಂಡಸರಿಗೆ ಕಪ್ಪು ಕುಪ್ಯ. ಸೊಂಟಕ್ಕೆ ಕಟ್ಟುವ ಚೇಲೆ ಎಲ್ಲರದೂ ಕೆಂಪು ರೇಷ್ಮೆ. ಕಪ್ಪಿನ ಮೇಲೆ ಆ ಕೆಂಪು ಉರಿಯುತ್ತದೆ. ಬಿಳಿಯ ಮೇಲೆ ಅದೇ ಕೆಂಪು ಸ್ವಲ್ಪ ಗಾಢ, ಗಂಭೀರ. ನನ್ನ ಚೇಲೆಯನ್ನೇ ತಮ್ಮನ ಮದುವೆಗೆ ಕೊಟ್ಟಿದ್ದೆ. ಫೋಟೋ ನೋಡಿ ಅಮ್ಮ “ಇದು ನಮ್ಮದಲ್ಲ, ಬಣ್ಣ ಬೇರೆ” ಎಂದು ವಾದ ಮಾಡಿದರು.

ಮೈಸೂರಲ್ಲಿದ್ದೇನೆ
ಬಾಣೆಮನೆ ಅಣ್ಣ, ಇದು ಸರಿಯಾದ ಉದಾಹರಣೆ! ಒಂದೇ ಬಣ್ಣ, ಎರಡು ಹಿನ್ನೆಲೆ. ಆಲ್ಬರ್ಸ್ ತರಗತಿಯ ಮೊದಲ ಪಾಠವೇ ಇಂಥದ್ದು.

ರೋಬಸ್ಟಾ
ಇದು ಅರ್ಥ ಆಯಿತು. ಮೊದಲೇ ಹೀಗೆ ಹೇಳಬಾರದಿತ್ತಾ? ಆದರೂ ಸಾವಿರ ಜಾಸ್ತಿ ಆಯಿತು.

ಹಾರಂಗಿ_ದಂಡೆ
ಹಾಗಾದರೆ ಇದು ಪ್ರಯೋಗಶಾಲೆ, ಚಿತ್ರ ಅಲ್ಲ. ಪಾಠಕ್ಕೆ ಒಳ್ಳೆಯದು. ಗೋಡೆಗೆ ಯಾಕೆ?

ಗೋಣಿಕೊಪ್ಪ_ಅಕ್ಕ
ಗೋಡೆಗೆ ಯಾಕೆ ಅಂದರೆ, ಪ್ರಯೋಗಕ್ಕೆ ಉತ್ತರ ಒಂದೇ ಇರಬೇಕು. ಇಲ್ಲಿ ಒಂದೇ ಉತ್ತರ ಇಲ್ಲ. ಮೂರು ಬೂದು ಬಣ್ಣ ಸೇರಿ ಒಂದು ತರ ಬೇಸರ ಹುಟ್ಟಿಸುತ್ತದೆ, ಮೂರು ಹಳದಿ ಸೇರಿ ಬೇರೆ ಏನೋ. ಆ ಮೂರನ್ನೇ ಯಾಕೆ ಆರಿಸಿದರು ಎನ್ನುವುದಕ್ಕೆ ಯಾವ ನಿಯಮವೂ ಇಲ್ಲ. ಅಳತೆ ಅಷ್ಟು ಗಟ್ಟಿ ಇರುವುದರಿಂದಲೇ ಆ ಆಯ್ಕೆ ಎದ್ದು ಕಾಣುತ್ತದೆ. ನಿಮಗೆ ಕಾಣುತ್ತಿಲ್ಲ ಅಂದರೆ ನಾನೇನು ಮಾಡಲಿ.

ತೋಟದಮನೆ
ಕರೆಂಟ್ ಬಂತು. ಮಾಸ್ಟ್ರೇ, ಆ ನಕ್ಷೆಯ ಅಳತೆ ಹೇಗೆ? ನಾನು ಚೌಕಗಳನ್ನು ನಟ್ಟ ನಡುವೆ ಇಟ್ಟು ಒಂದು ಮಾಡಿದೆ, ಕೇರಂ ಬೋರ್ಡಿನ ಹಾಗೆ ಕಂಡಿತು.

ಡ್ರಾಯಿಂಗ್_ಮಾಸ್ಟ್ರು
ನಟ್ಟ ನಡುವೆ ಅಲ್ಲ, ಕೆಳಗೆ ಜಗ್ಗಿದ ಹಾಗೆ ಇರಬೇಕು. ಕೆಳಗಿನ ಅಂಚು, ಪಕ್ಕದ ಅಂಚು, ಮೇಲಿನ ಅಂಚು, ಇವು 1:2:3. ಬೋರ್ಡನ್ನು ಉದ್ದಕ್ಕೂ ಅಡ್ಡಕ್ಕೂ ಹತ್ತು ಪಾಲು ಮಾಡಿ. ನಾಲ್ಕು ಚೌಕದ ನಕ್ಷೆಯಲ್ಲಿ ಒಳಗಿನದು 4 ಪಾಲು. ಪ್ರತಿ ಹೆಜ್ಜೆಗೆ ಕೆಳಗೆ ಅರ್ಧ ಪಾಲು, ಪಕ್ಕಕ್ಕೆ ಒಂದು, ಮೇಲೆ ಒಂದೂವರೆ.

ತೋಟದಮನೆ
ನನ್ನ ಬೋರ್ಡ್ 20 ಇಂಚು. ಪಾಲು 2 ಇಂಚು. ಒಳಗಿನ ಚೌಕ 8 ಇಂಚು. ಕೆಳಗೆ ತಲಾ 1, ಪಕ್ಕಕ್ಕೆ 2, ಮೇಲೆ 3. ಕೂಡಿಸಿದರೆ ಕೆಳಗೆ 3, ಚೌಕ 8, ಮೇಲೆ 9, ಒಟ್ಟು 20. ಪಕ್ಕದಲ್ಲಿ 6, 8, 6. ಟ್ಯಾಲಿ ಆಯಿತು.

ರೋಬಸ್ಟಾ
ಲೆಡ್ಜರ್ ಅಂದವರು ಸುಮ್ನೆ ಅಂದಿಲ್ಲ ಸಾರ್.

ಪೇಂಟ್_ಕಂಟ್ರಾಕ್ಟರ್
ಯಾವ ಬೋರ್ಡ್? ಪ್ಲೈ ಆ ಹಾರ್ಡ್‌ಬೋರ್ಡಾ?

ತೋಟದಮನೆ
ಹಾರ್ಡ್‌ಬೋರ್ಡ್. ಆಲ್ಬರ್ಸ್ ಕೂಡ ಅದೇ ಜಾತಿಯ ಬೋರ್ಡ್ ಬಳಸಿದ್ದು, ಹೆಚ್ಚಾಗಿ ಒರಟು ಬದಿಗೆ, ಹಲವು ಕೋಟು ಬಿಳಿ ಹೊಡೆದು. ಕ್ಯಾನ್ವಾಸ್ ಇಲ್ಲಿ ಬೂಷ್ಟು ಹಿಡಿಯುತ್ತದೆ, ಅದಕ್ಕೆ ನಾನೂ ಬೋರ್ಡಿಗೆ ಬಂದೆ.

ಪೇಂಟ್_ಕಂಟ್ರಾಕ್ಟರ್
ಹಾಗಾದರೆ ಒಂದು ಬದಿ ಮಾತ್ರ ಹೊಡೆಯಬೇಡಿ. ಒಂದು ಬದಿ ಮುಚ್ಚಿ ಇನ್ನೊಂದು ಬಿಟ್ಟರೆ ಆ ಬದಿ ಥಂಡಿ ಕುಡಿದು ಬೋರ್ಡ್ ಬಿಲ್ಲಿನ ಹಾಗೆ ಬಗ್ಗುತ್ತದೆ. ಎರಡೂ ಬದಿಗೆ ಪ್ರೈಮರ್, ನಾಲ್ಕೂ ಅಂಚಿಗೆ ಎರಡು ಸಲ. ಅಂಚಿನಲ್ಲೇ ನೀರು ಹೀರುವುದು ಜಾಸ್ತಿ. ಗೋಡೆಗೆ ತಾಗಿಸಿ ನಿಲ್ಲಿಸಬೇಡಿ, ಹಿಂದೆ ಗಾಳಿ ಆಡಬೇಕು.

ಸುಮ್ನೆ_ಓದುವವ
ಈ ಚರ್ಚೆಯಲ್ಲಿ ನನಗೆ ಉಪಯೋಗಕ್ಕೆ ಬಂದ ಮೊದಲ ಮಾತು. ನಮ್ಮ ಶೋಕೇಸ್ ಹಿಂದಿನ ಹಾರ್ಡ್‌ಬೋರ್ಡ್ ಬಗ್ಗಿದ್ದು ಯಾಕೆ ಅಂತ ಈಗ ಗೊತ್ತಾಯಿತು.

ಇಂಚು_ಸೆಂಟು
ಮಾದಾಪುರ ರಸ್ತೆಯಲ್ಲಿ ಮರ ಬಿದ್ದಿದೆಯಂತೆ, ಆ ಕಡೆ ಹೋಗುವವರು ವಿಚಾರಿಸಿ ಹೊರಡಿ.

ಮೈಸೂರಲ್ಲಿದ್ದೇನೆ
ಬೆಳಕಿನ ಮಾತು ಯಾರೂ ಎತ್ತಲಿಲ್ಲ. ಬೆಳಿಗ್ಗೆ ಕೂಡಿಸಿದ ಬಣ್ಣ ಸಂಜೆಗೆ ಬೇರೆ ತರ ಕಾಣುತ್ತದೆ, ಎಲ್ಲರಿಗೂ ಗೊತ್ತಿರುವುದೇ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹಸಿರು ಉಳಿಯುತ್ತವೆ. ಮಳೆಗಾಲದ ಮಧ್ಯಾಹ್ನ ಮೂರಕ್ಕೇ ನಿಮ್ಮಲ್ಲಿ ಮಬ್ಬು. ಯುಪಿಎಸ್ ಎಲ್‌ಇಡಿ ಹಾಕಿದರೆ ಅದು ಇನ್ನೊಂದು ಲೋಕ. ಅದರ ಕೆಳಗೆ ಒಂದೇ ತರ ಕಂಡ ಎರಡು ಬಣ್ಣ ಬಿಸಿಲಿಗೆ ತಂದರೆ ಬೇರೆ ಬೇರೆ.

ಆಲ್ಬರ್ಸ್ ಟ್ಯೂಬ್‌ಲೈಟ್ ಕೆಳಗೆ ಕೆಲಸ ಮಾಡುತ್ತಿದ್ದರು. ಹಳದಿ ಛಾಯೆಯ ಟ್ಯೂಬ್, ನೀಲಿ ಛಾಯೆಯ ಟ್ಯೂಬ್ ಒಂದರ ಪಕ್ಕ ಒಂದು. ಹಗಲೋ ರಾತ್ರಿಯೋ, ಬೆಳಕು ಬದಲಾಗಬಾರದು. ನೀವು ಒಂದೇ ನಿಯಮ ಹಾಕಿಕೊಳ್ಳುವುದಾದರೆ ಇದನ್ನು ಹಾಕಿಕೊಳ್ಳಿ ಸರ್. ಚೌಕ ಬೇಕಾದರೆ ಬಿಡಿ.

ಬಾಣೆಮನೆ
ಸರಿ. ಕಾಫಿ ಹಣ್ಣು ಕೊಯ್ಯುವವರೂ ಸಂಜೆ ಹೊತ್ತಾದರೆ ಗಿಡದಲ್ಲಿ ಕೆಂಪು ಹಣ್ಣು ಬಿಟ್ಟೇ ಹೋಗುತ್ತಾರೆ. ಬೈದು ಪ್ರಯೋಜನ ಇಲ್ಲ, ಕಾಣುವುದಿಲ್ಲ.

ಹಾರಂಗಿ_ದಂಡೆ
ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಗರದ ಒಂದು ಗ್ಯಾಲರಿಯವರು ನನ್ನ ಕೆಲಸ ನೋಡಿ “ಎಲ್ಲ ಬೇರೆ ಬೇರೆ ತರ ಇದೆ, ಒಂದು ಹಿಡಿದು ಅದನ್ನೇ ಇಪ್ಪತ್ತು ಮಾಡಿ ತನ್ನಿ, ಗಿರಾಕಿಗೆ ಗುರುತು ಸಿಗಬೇಕು” ಎಂದರು. ಮಾಡಿ ಕೊಟ್ಟೆ. ಕೆಲವು ಮಾರಾಟವೂ ಆದವು. ದುಡ್ಡು ಬರಲು ವರ್ಷ ಹಿಡಿಯಿತು, ಅದು ಬೇರೆ. ಆ ಇಪ್ಪತ್ತರಲ್ಲಿ ಮೂರಾದ ಮೇಲೆ ನನ್ನ ತಲೆ ಕೆಲಸ ಮಾಡಿಲ್ಲ, ಕೈ ಮಾಡಿತು ಅಷ್ಟೆ. ಅದಕ್ಕೇ ನನಗೆ ಸರಣಿ ಅಂದರೆ ಭಯ.

ಡ್ರಾಯಿಂಗ್_ಮಾಸ್ಟ್ರು
ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಜಗಳ ಆಗುತ್ತಿರಲಿಲ್ಲ. ನಿಮಗೆ ನಿಯಮ ಹಾಕಿದ್ದು ಅಂಗಡಿಯವರು. ಆಲ್ಬರ್ಸ್ ಹೊಟ್ಟೆಪಾಡು ಪಾಠದಿಂದ ನಡೆಯಿತು, 1958ರ ತನಕ ಯೇಲ್‌ನಲ್ಲಿ ಸಂಬಳ. ಚೌಕ ಕೊಳ್ಳುವವರು ಇಲ್ಲದಿದ್ದರೂ ಒಲೆ ಉರಿಯುತ್ತಿತ್ತು. ರಾಷನ್‌ಬರ್ಗ್, ಇವಾ ಹೆಸ್ ಇಂಥ ಹೆಸರಾದ ಕಲಾವಿದರೆಲ್ಲ ಅವರ ಶಿಷ್ಯರು, ಇಬ್ಬರೂ ಚೌಕ ಬರೆಯಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1971ರಲ್ಲಿ ಅವರ ದೊಡ್ಡ ಪ್ರದರ್ಶನ ಮಾಡಿತು. ಬದುಕಿದ್ದ ಕಲಾವಿದರೊಬ್ಬರಿಗೆ ಅಲ್ಲಿ ಅಂಥ ಗೌರವ ಅದೇ ಮೊದಲು. ಆಗ ಅವರಿಗೆ 83.

ಹಾರಂಗಿ_ದಂಡೆ
ಸಂಬಳ ಇದ್ದವರಿಗೆ ಶಿಸ್ತು ಸುಲಭ ಮಾಸ್ಟ್ರೇ. ತೋಟದಮನೆಯವರಿಗೂ ಪೆನ್ಷನ್ ಇದೆ, ಮಾಡಲಿ.

ಗೋಣಿಕೊಪ್ಪ_ಅಕ್ಕ
ಕೊನೆಗೂ ಒಪ್ಪಿದರು!

ಹಾರಂಗಿ_ದಂಡೆ
ಒಪ್ಪಿಲ್ಲ. ಮಾಡಲಿ ಅಂದೆ.

ಸುಮ್ನೆ_ಓದುವವ
ಚಿತ್ರಸಂತೆಗೆ ತೆಗೆದುಕೊಂಡು ಹೋಗುತ್ತೀರಾ ಸರ್? ಜನವರಿಯಲ್ಲಿ ಬೆಂಗಳೂರಿಗೆ ಬಂದರೆ ನೋಡಲು ಬರುತ್ತೇನೆ.

ತೋಟದಮನೆ
ಈಗಲೇ ಸಂತೆ ಬೇಡ. ಇಷ್ಟು ನಿರ್ಧಾರ ಮಾಡಿದ್ದೇನೆ. ಮಳೆ ಬಿಡುವ ತನಕ ಪೇಂಟ್ ಮುಟ್ಟುವುದಿಲ್ಲ, ಕಾಗದ ಕತ್ತರಿಸುವುದು ಮಾತ್ರ. ಆಮೇಲೆ ಒಂದೇ ಅಳತೆ ಬೋರ್ಡ್, ಒಂದೇ ದೀಪ. ಚೌಕ ಇಡುವುದಿಲ್ಲ, ಅದು ಆಲ್ಬರ್ಸ್‌ದು. ಉದ್ದ ಪಟ್ಟಿ ಇಟ್ಟುಕೊಳ್ಳುತ್ತೇನೆ. ಬಣ್ಣದ ಮೇಲೆ ಬಣ್ಣ ಇಲ್ಲ. ಕೆಟ್ಟರೆ ಕೆಟ್ಟದ್ದೇ ಇರಲಿ, ಮುಂದಿನ ಬೋರ್ಡಿಗೆ ಹೋಗುವುದು.

ಮೈಸೂರಲ್ಲಿದ್ದೇನೆ
ಕೊನೆಯದು ಒಳ್ಳೆಯ ನಿಯಮ. ಇನ್ನೊಂದು ಸೇರಿಸಿ: ಬೋರ್ಡಿನ ಹಿಂದೆ ಯಾವ ಕಂಪನಿ, ಯಾವ ಬಣ್ಣ ಎಲ್ಲ ಬರೆದಿಡಿ. ಆಲ್ಬರ್ಸ್ ಸಣ್ಣ ಅಕ್ಷರದಲ್ಲಿ ವಾರ್ನಿಷ್ ತನಕ ಬರೆದಿಡುತ್ತಿದ್ದರು. ಕ್ಯಾಡ್ಮಿಯಂ ಹಳದಿ ಅಂತ ಹೆಸರು ಒಂದೇ ಇದ್ದರೂ ಎರಡು ಕಂಪನಿಯದು ಒಂದೇ ತರ ಇರುವುದಿಲ್ಲ.

ರೋಬಸ್ಟಾ
ಅದು ನಿಜವಾದ ಲೆಡ್ಜರ್. ಸಾರ್‌ಗೆ ಹೇಳಿ ಮಾಡಿಸಿದ ಕೆಲಸ.

ಪೇಂಟ್_ಕಂಟ್ರಾಕ್ಟರ್
ಪೆನ್ನಲ್ಲಿ ಬರೆಯಬೇಡಿ, ಥಂಡಿಗೆ ಶಾಯಿ ಹರಡುತ್ತದೆ. ಪೆನ್ಸಿಲ್. ಪ್ರೈಮರ್ ಪೂರ್ತಿ ಒಣಗಿದ ಮೇಲೆ.